ಕಾರೊಳಗೆ ಕಸ ಹಾಕ್ಬೇಡಿ, ಹೊರಗೆ ಬೇಕಾದಷ್ಟು ಜಾಗ ಇದೆ

ಕಸ ಸುರಿಯೋ ಹಬ್ಬದ ವಿಡಿಯೋ ನೀವೂ ನೋಡಿರ್ತೀರ. 2025ರ ಅಕ್ಟೋಬರ್ ಕೊನೇಲಿ ಬೆಂಗಳೂರಿನ ಕಸ ವಿಲೇವಾರಿ ಸಂಸ್ಥೆಯೋರು ರಸ್ತೆಗೆ ಕಸ ಎಸೆದೋರ ಮನೆ ಪತ್ತೆ ಮಾಡಿ, ಅವರ ಗೇಟ್ ಮುಂದೇನೇ ಗಾಡಿ ತಂದು ಸುರಿದು, ಮೇಲಿಂದ ದಂಡಾನೂ ಹಾಕಿ ಬಂದ್ರಲ್ಲ, ಅದೇ. ಹೆಸರಿಟ್ಟೋರಿಗೆ ಒಂದು ನಮಸ್ಕಾರ, ಈ ಊರಲ್ಲಿ ಹಬ್ಬ ಅಂದ್ರೇನೇ ಜನ ತಿರುಗಿ ನೋಡೋದು. ಆದ್ರೆ ನಂದೊಂದು ಅರ್ಜಿ ಇದೆ. ಗೇಟ್ ಇರೋರಿಗೆ ಗೇಟ್ ಮುಂದೆ ಸುರಿದ್ರಿ, ಸಂತೋಷ, ಕಾರಲ್ಲಿ ಹೋಗ್ತಾ ಗ್ಲಾಸ್ ಇಳಿಸಿ ಎಸೆದು ಮತ್ತೆ ಗ್ಲಾಸ್ ಏರಿಸ್ಕೊಂಡು ಹೋಗೋ ಮಹನೀಯರಿಗೆ ಯಾಕೆ ಈ ಹಬ್ಬದೂಟ ಇಲ್ಲ? ಅವರಿಗೂ ಒಂದು ಹಿಂದಿನ ಸೀಟಿದೆ, ಡಿಕ್ಕಿ ಇದೆ. ನಂಬರ್ ಪ್ಲೇಟೂ ಇದೆ, ಅದೂ ಅಂತಿಂಥ ಪ್ಲೇಟಲ್ಲ, ಹೈ ಸೆಕ್ಯುರಿಟಿ. 2023ರ ಆಗಸ್ಟಲ್ಲಿ ಆದೇಶ ಮಾಡಿ, 2019ರ ಏಪ್ರಿಲ್‌ಗಿಂತ ಮುಂಚಿನ ಗಾಡಿಗಳೆಲ್ಲ ಹಾಕಿಸ್ಲೇಬೇಕು ಅಂತ ಹೆದರಿಸಿ, ಆಮೇಲೆ ನವೆಂಬರ್, ಇಲ್ಲ ಫೆಬ್ರವರಿ, ಇಲ್ಲ ಮೇ ಅಂತ ಸರ್ಕಾರಾನೇ ಗಡುವು ಎಳೀತಾ ಹೋಯ್ತಲ್ಲ, ಆ ಪ್ಲೇಟು. ಅದು ಇದಕ್ಕಾದ್ರೂ ಉಪಯೋಗಕ್ಕೆ ಬರ್ಲಿ.

ಹಾಗಂತ ನಮ್ಮ ಕಾರ್ ಮಾಲೀಕರು ಕೊಳಕರು ಅಂತ ಯಾರೂ ಅನ್ಬಾರ್ದು, ನಮ್ಮೋರಷ್ಟು ಮಡಿಯಾಗಿ ಕಾರ್ ಇಟ್ಕೊಳ್ಳೋ ಜನ ಇನ್ನೆಲ್ಲೂ ಸಿಗಲ್ಲ. ಶೋರೂಮಿಂದ ಬಂದಾಗ ಸೀಟಿಗಿದ್ದ ಪ್ಲಾಸ್ಟಿಕ್ ಕವರ್ರು ಹಾಗೇ ಇರುತ್ತೆ, ಬೇಸಿಗೇಲಿ ಕೂತು ಎದ್ರೆ ಪ್ಯಾಂಟ್ ಜೊತೆ ಅದೂ ಎದ್ದು ಬರುತ್ತೆ. ಕಂಪನಿ ಮ್ಯಾಟ್ ಕೊಳೆ ಆಗ್ಬಾರ್ದು ಅಂತ ಮೇಲೊಂದು ರಬ್ಬರ್ ಮ್ಯಾಟು, ರಬ್ಬರ್ ಮ್ಯಾಟ್ ಕೊಳೆ ಆಗ್ಬಾರ್ದು ಅಂತ ಅದ್ರ ಮೇಲೆ ಹಳೇ ಪೇಪರ್ರು. "ಚಪ್ಪಲಿ ಸ್ವಲ್ಪ ಕೊಡವಿ ಹತ್ತಿ ಸಾರ್" ಅಂತಾರೆ, ದೇವಸ್ಥಾನದಲ್ಲೂ ಇಷ್ಟು ಮರ್ಯಾದೆಯಾಗಿ ಯಾರೂ ಹೇಳಲ್ಲ. ಡ್ಯಾಶ್‌ಬೋರ್ಡ್ ಮೇಲೆ ಗಣಪ, ಪಕ್ಕದಲ್ಲಿ ಮಂಜುನಾಥ ಸ್ವಾಮಿ, ರಾಯರು, ಅವರೆಲ್ಲರ ಮುಂದೆ ಒಂದು ಸೆಂಟ್ ಬಾಟ್ಲಿ. ಆ ಮಲ್ಲಿಗೆ ವಾಸನೆ ಮತ್ತೆ ಏಸಿ ಎರಡೂ ಸೇರಿ ಚಾರ್ಮಾಡಿ ಘಾಟಿಯ ಮೂರನೇ ತಿರುವಲ್ಲಿ ಹಿಂದೆ ಕೂತಿರೋ ಅತ್ತೆಗೆ ಹೊಟ್ಟೆ ತೊಳೆಸೋಕೆ ಶುರುವಾಗುತ್ತೆ, ಮೂಸೋಕೆ ನಿಂಬೆಹಣ್ಣು ಕೊಡ್ತಾರೆ, ಆಮೇಲೆ ಕವರ್ ಕೊಡ್ತಾರೆ. ಆ ಕವರ್ ಎಲ್ಲಿಗೆ ಹೋಗುತ್ತೆ ಅಂತ ನಾನು ಹೇಳ್ಬೇಕಾ? ಘಾಟಿ ಕೆಳಗೆ ಕಾಡಿದೆ, ಕಾಡಿಗೆ ಮಾತು ಬರಲ್ಲ.

ಗ್ಲೋವ್ ಬಾಕ್ಸ್ ಒಂದನ್ನ ಮಾತ್ರ ಯಾರೂ ಮುಟ್ಟಲ್ಲ. ಫಾಸ್ಟ್‌ಟ್ಯಾಗ್ ಕಡ್ಡಾಯ ಆಗಿದ್ದು 2021ರಲ್ಲಿ, ಅದಕ್ಕೂ ಮುಂಚಿನ ಟೋಲ್ ಚೀಟಿಗಳು ಇನ್ನೂ ಅಲ್ಲೇ ಇವೆ, ಅದ್ರ ಕೆಳಗೆ ಅವಧಿ ಮುಗಿದ ಎಮಿಷನ್ ಸರ್ಟಿಫಿಕೇಟು, ಅದ್ರ ಕೆಳಗೆ ಕುಕ್ಕೆಯಿಂದ ತಂದ ಪ್ರಸಾದದ ಪೊಟ್ಟಣ, ಅದ್ರ ಕುಂಕುಮ ಚೆಲ್ಲಿ ಇನ್ಶೂರೆನ್ಸ್ ಪೇಪರ್ರೆಲ್ಲ ಕೆಂಪಾಗಿದೆ. ಪೊಲೀಸ್ ಕೈ ತೋರಿಸಿದಾಗ ಬೇಕಾಗಿರೋದು ಬಿಟ್ಟು ಬಾಕಿ ಎಲ್ಲಾ ಅದ್ರಲ್ಲಿ ಸಿಗುತ್ತೆ.

ಮೊನ್ನೆ ಸಿಗ್ನಲ್ಲಲ್ಲಿ ನನ್ನ ಸ್ಕೂಟರ್ ಮುಂದೆ ಒಂದು ಬಿಳೀ ಕಾರು, ಈಗಷ್ಟೇ ವಾಟರ್ ಸರ್ವಿಸ್ ಮಾಡಿಸಿದ್ದು ಅಂತ ಕಾಣುತ್ತೆ, ಟೈರಿಗೂ ಕಪ್ಪು ಪಾಲಿಶ್ ಹೊಡೆಸಿದ್ರು. ಹಿಂದಿನ ಗ್ಲಾಸ್ ಇಳೀತು. ಒಂದು ಪುಟ್ಟ ಕೈ, ಅದ್ರಲ್ಲಿ ಚಿಪ್ಸ್ ಪ್ಯಾಕೆಟ್ಟು. ಮಗು ಬಾಯಿಗೆ ಸುರ್ಕೊಂಡು ಮುಗಿಸಿ ಪ್ಯಾಕೆಟ್ ಸೀಟ್ ಸಂದೀಲಿ ತುರುಕೋಕೆ ನೋಡ್ತು, ಮುಂದಿಂದ ಅಪ್ಪನ ದನಿ ಬಂತು, "ಏಯ್ ಕಾರೊಳಗೆ ಹಾಕ್ಬೇಡ ಪುಟ್ಟಾ, ಹೊರಗಡೆ ಹಾಕು." ಪುಟ್ಟ ವಿಧೇಯ ಮಗು, ಹಾಕ್ತು. ಹಿಂದೇನೇ ಅಮ್ಮ ಟಿಶ್ಯೂಲಿ ಮಗು ಕೈ ಒರೆಸಿ ಆ ಟಿಶ್ಯೂನೂ ಕಳಿಸಿದ್ರು, ಅದು ಬಂದು ನನ್ನ ಹೆಡ್‌ಲೈಟ್ ಮೇಲೆ ಕೂತ್ಕೊಳ್ತು. ಎಷ್ಟು ಶಿಸ್ತಿನ ಕುಟುಂಬ ನೋಡಿ, ಒಬ್ಬರಿಗೂ ಬೇಸರ ಇಲ್ಲ, ಜಗಳ ಇಲ್ಲ, ಸಿಗ್ನಲ್ ಬಿಡೋದ್ರೊಳಗೆ ಕಾರು ಒಳಗೆ ಹೊರಗೆ ಎರಡೂ ಕಡೆ ಕ್ಲೀನು.

ತೊಳೆಯೋ ವಿಷಯಕ್ಕೆ ಬಂದ್ರೆ ಸರ್ಕಾರಾನೂ ಏನ್ ಕಮ್ಮಿ ಇಲ್ಲ. 2024ರ ಮಾರ್ಚಲ್ಲಿ ನೀರಿಲ್ಲದೆ ಊರೇ ಒಣಗಿ, ಡಿಸಿಎಂ ಅವರೇ ನಮ್ಮನೆ ಬೋರ್‌ವೆಲ್ಲೂ ಬತ್ತಿದೆ ಅಂದ ಟೈಮಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5000 ದಂಡ ಅಂತು. 22 ಮನೆಯೋರಿಗೆ ಹಾಕೇ ಬಿಟ್ರು, 1 ಲಕ್ಷದ 10 ಸಾವಿರ ವಸೂಲಿ. ತಪ್ಪೇನಲ್ಲ, ಪೈಪ್ ಹಿಡಿದು ಬಾನೆಟ್ಟಿಗೆ ಅಭಿಷೇಕ ಮಾಡೋರಿಗೆ ಬೇಕಾಗಿತ್ತು. ಆಮೇಲೆ ಅದೇ ವರ್ಷ ಅಕ್ಟೋಬರಲ್ಲಿ ಕಾವೇರಿ 5ನೇ ಹಂತ, ದಿನಕ್ಕೆ 77.5 ಕೋಟಿ ಲೀಟರು, ಇನ್ನೇನು ಬರ ಮುಗೀತು ಅಂತ ಫ್ಲೆಕ್ಸೆಲ್ಲ ಹಾಕಿದ್ರು, 2025ರ ಫೆಬ್ರವರಿ ಬಂತು ನೋಡಿ, ಮತ್ತೆ ಅದೇ 5000, ಮತ್ತೆ ಸಿಕ್ಕಾಕ್ಕೊಂಡ್ರೆ ದಿನಕ್ಕೆ 500 ಮೇಲೆ. ಈ ಕಾರ್ ಧೂಳಾಗೋದು ಯಾಕೆ? ಮನೆ ಮುಂದೆ ಪೈಪ್ ಹಾಕೋಕೆ ಅಂತ ಅಗೆದು, ಮಣ್ಣು ಗುಡ್ಡೆ ಹಾಕಿ, ಟಾರ್ ಹಾಕೋದನ್ನ ಇನ್ನೊಂದು ಇಲಾಖೆಗೆ ಬಿಟ್ಟು ಹೋಗಿರೋದಕ್ಕೆ. ಯಾಕೆ ಅಗೆದ್ರು? ನಮಗೆ ನೀರು ಕೊಡೋಕೆ. ನೀರು ಬಂತು, ಮುಟ್ಬೇಡಿ ಅಂದ್ರು. ಆ ಅಗೆದಿರೋ ಗುಂಡೀಲೇ ಪೈಪ್ ಒಡೆದು ರಾತ್ರಿಯೆಲ್ಲ ನೀರು ಹರಿದ್ರೆ ಅದಕ್ಕೆ ದಂಡ ಯಾರಿಗೆ ಅಂತ ಆದೇಶದಲ್ಲಿ ಬರೆದಿಲ್ಲ.

ಬೆಂಗಳೂರಲ್ಲಿ ಬೇಡ ಅಂದ್ರೆ ಬಿಡಿ, ಜನ ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗ್ತಾರೆ. ಸೋಪಾನಕಟ್ಟೆ ಪಕ್ಕದಲ್ಲಿ ಕಾರ್ ಇಳಿಸಿ, ನಾಲ್ಕೂ ಡೋರ್ ತೆಗೆದು, ಹಾಡು ಜೋರಾಗಿ ಹಾಕಿ, ಶಾಂಪೂ ಪ್ಯಾಕೆಟ್ ಹರಿದು ಹರಿದು ನೊರೆ ಎಬ್ಬಿಸಿ ಕಾವೇರಿಗೆ ಬಿಡ್ತಾರೆ. ನೀರು ಅಲ್ಲಿಂದ ಕೆಳಕ್ಕೆ ಹರಿದು ಮಳವಳ್ಳಿ ತಾಲೂಕಿಗೆ ಬಂದಮೇಲೆ ಅದನ್ನೇ ಎತ್ತಿ, ತೊರೆಕಾಡನಹಳ್ಳೀಲಿ ಶುದ್ಧ ಮಾಡಿ, ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ಬೆಂಗಳೂರಿಗೆ ಕಳಿಸ್ತಾರೆ. ಅಂದ್ರೆ ಯಜಮಾನ್ರು ಸಂಜೆ ಕಾರಲ್ಲಿ ವಾಪಸ್ ಬರ್ತಾರೆ, ಅವರ ಕಾರ್ ತೊಳೆದ ನೀರು ಹಿಂದಿಂದ ಪೈಪಲ್ಲಿ ಬರುತ್ತೆ. ಅದನ್ನೇ ಲೋಟದಲ್ಲಿ ಹಿಡಿದು "ಕಾವೇರಿ ನೀರಿನ ರುಚಿನೇ ಬೇರೆ ಕಣ್ರೀ" ಅಂತಾರೆ.

ಅಪಾರ್ಟ್‌ಮೆಂಟೋರು ಇನ್ನೂ ಬುದ್ಧಿವಂತರು. ಬೆಳಿಗ್ಗೆ ಕಾರ್ ಒರೆಸೋ ಹುಡುಗ ಬರ್ತಾನೆ, ಅರ್ಧ ಬಕೆಟ್ ನೀರು, ಒಂದು ಹಳೇ ಬನಿಯನ್ನು, ಬೇಸ್‌ಮೆಂಟಿನ ಒಂದು ಸಾಲು ಪೂರ್ತಿ ಅದ್ರಲ್ಲೇ. ಮೊದಲ ಕಾರಿನ ವೈಟ್‌ಫೀಲ್ಡ್ ಮಣ್ಣು ಕೊನೇ ಕಾರಿಗೆ ಬರುತ್ತೆ, ಬೈಯೋದು ಮಾತ್ರ ಹುಡುಗನ್ನ.

ತಮಾಷೆ ಮಾಡಿ ಮಾಡಿ ನಂಗೂ ಸಾಕಾಗಿದೆ. ಆ ಚಿಪ್ಸ್ ಪ್ಯಾಕೆಟ್ಟನ್ನ ಯಾರೋ ಎತ್ಲೇಬೇಕಲ್ವಾ? ಬೆಳಿಗ್ಗೆ ಆರೂವರೆಗೆ ಫ್ಲೈಓವರ್ ಮೇಲೆ, ಡಿವೈಡರ್ ಅಂಚಲ್ಲಿ ಬಗ್ಗಿ ಪೊರಕೆ ಹಿಡಿದಿರೋ ಆ ಹೆಂಗಸು, ಮೈಮೇಲೊಂದು ಹಸಿರು ಕೋಟು, ಪಕ್ಕದಲ್ಲೇ 80ರ ಸ್ಪೀಡಲ್ಲಿ ಹೋಗೋ ನಿಮ್ಮ ಕಾರು. ಗುಡಿಸ್ತಿರುವಾಗ್ಲೇ ಗಾಡಿ ಗುದ್ದಿ ಪೌರಕಾರ್ಮಿಕರು ಸತ್ತ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತೆ, ನಿಮ್ಮ ರಬ್ಬರ್ ಮ್ಯಾಟ್ ಮೇಲೆ ಹಾಸಿರೋ ಪೇಪರಲ್ಲೇ ಇರಬಹುದು, ಕಾಲೆತ್ತಿ ನೋಡಿ. ಇಪ್ಪತ್ತು ಲಕ್ಷ ಕೊಟ್ಟು ಕಾರ್ ತಗೊಳ್ತೀರ, ಗೇರ್ ಪಕ್ಕದಲ್ಲಿ ಒಂದು ಕವರ್ ನೇತಾಕೋಕೆ ಏನ್ರೀ ನಿಮಗೆ ಕಷ್ಟ? ಬೃಹತ್ ಬೆಂಗಳೂರು ಹೋಗಿ ಗ್ರೇಟರ್ ಬೆಂಗಳೂರು ಬಂತು, ಒಂದು ಪಾಲಿಕೆ ಇದ್ದಿದ್ದು ಐದಾಯ್ತು, ಐವತ್ತು ಮಾಡಿದ್ರೂ ಈ ಗ್ಲಾಸ್ ಇಳಿಸೋ ಕೈಗೆ ಏನ್ ಮಾಡೋಕಾಗುತ್ತೆ.

ಇರ್ಲಿ. ವರ್ಷಕ್ಕೊಂದ್ಸಲ ಆಯುಧಪೂಜೆ ಇದ್ಯಲ್ಲ, ಅವತ್ತು ಮಂಡಳಿ, ದಂಡ ಯಾವ್ದೂ ನಡೆಯಲ್ಲ, ಬೀದಿ ತುಂಬಾ ಪೈಪೇ ಪೈಪು. ತೊಳೆದು, ಒರೆಸಿ, ಬಾಳೆಕಂದು ಕಟ್ಟಿ, ಟೈರ್ ಕೆಳಗೆ ನಿಂಬೆಹಣ್ಣಿಟ್ಟು, ಕೊನೆಗೆ ಕುಂಕುಮ ತುಂಬಿದ ಬೂದುಗುಂಬಳಕಾಯಿನ ನಡುರಸ್ತೇಲಿ ದಬಾರ್ ಅಂತ ಒಡೆದು ಮನೆಯೋರೆಲ್ಲ ಒಳಗೆ ಹೋಗಿ ಕೇಸರಿಭಾತ್ ತಿಂತಾರೆ. ಕಾರಿಗೆ ದೃಷ್ಟಿ ಹೋಯ್ತು, ಹಿಂದೆ ಬರೋ ಬೈಕಿನೋನಿಗೆ ಸೊಂಟ ಹೋಗುತ್ತೆ. ಕಾಯಿ ಒಳಗಿದ್ದ ಚಿಲ್ಲರೆ ಆಯ್ಕೊಳ್ಳೋಕೆ ಪಕ್ಕದ ಬೀದಿ ಹುಡುಗರು ಮಾತ್ರ ಓಡಿ ಬರ್ತಾರೆ, ಆ ರಸ್ತೇಲಿ ಒಣ ಕಸ ಹಸಿ ಕಸ ಬೇರೆ ಮಾಡೋರು ಅಂತಿದ್ರೆ ಅವತ್ತು ಅವರೊಬ್ಬರೇ.