ಪೆಸಿಫಿಕ್ ದ್ವೀಪದ ಭಾಷೆಗಳ ಬಗ್ಗೆ ಓಡಾಡ್ತಿರೋ ಫಾರ್ವರ್ಡ್‌ಗೆ ಒಂದು ಸ್ಪಷ್ಟನೆ
ಪೆಸಿಫಿಕ್ ದ್ವೀಪಗಳ ಭಾಷೆಗಳಲ್ಲೆಲ್ಲಾ ಬರೀ ಹತ್ತು ಹದಿನೈದು ಧ್ವನಿ ಇರೋದು ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ, ಅದು ಸರಿಯಲ್ಲ. ಹವಾಯಿ ಭಾಷೇಲಿ 8 ವ್ಯಂಜನ ಇರೋದು ನಿಜ, ಆದ್ರೆ ಅದನ್ನ ನೋಡಿ ಎಲ್ಲದಕ್ಕೂ ಅದೇ ಲೆಕ್ಕ ಹಾಕಿಬಿಟ್ರೆ ಹೇಗೆ?

ನ್ಯೂ ಕ್ಯಾಲೆಡೋನಿಯಾದ ಉವೇಯಾ ದ್ವೀಪದಲ್ಲಿ ಇಯಾಯ್ ಅಂತ ಭಾಷೆ ಇದೆ, ಹವಾಯಿ ಭಾಷೆ ಥರಾನೇ ಆಸ್ಟ್ರೋನೇಷಿಯನ್ ಕುಟುಂಬದ್ದು, ಆದ್ರೆ ವ್ಯಂಜನಗಳೇ 30ಕ್ಕಿಂತ ಜಾಸ್ತಿ. ನಮ್ಮ ಮ, ನ, ಞ, ಙ ಇದಾವಲ್ಲ, ಅವು ನಾಲ್ಕೂ ಅಲ್ಲಿವೆ, ಜೊತೆಗೆ ಪ್ರತಿಯೊಂದಕ್ಕೂ ಗಂಟಲು ಕಂಪಿಸದ ಜೋಡಿ ಬೇರೆ! ತುಟಿ ಮುಚ್ಚಿ, ಗಂಟಲಲ್ಲಿ ದನಿ ತೆಗೀದೆ ಮೂಗಿಂದ ಬರೀ ಉಸಿರು ಬಿಡಿ, ಅದೇ ಆ ಇನ್ನೊಂದು 'ಮ', ಎಷ್ಟು ಚೆಂದ ಅಲ್ವಾ. 'ಲ'ಕ್ಕೂ ಅಂಥದ್ದೇ ಜೋಡಿ ಇದೆ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸ್ಬೇಡಿ.