ಒಂದನೇ ತಾರೀಕಿನ ಒಗಟು

2021ರ ಅಕ್ಟೋಬರಿನಲ್ಲಿ ನಮ್ಮಕ್ಕನ ಮನೆಯ ನಡುಮನೆ ಒಂದು ಸಾಫ್ಟ್‌ವೇರ್ ಕಂಪನಿಯ ವಾರ್ ರೂಮ್ ಆಗಿತ್ತು. ಅಕ್ಕನ ಮಗ ಅಲ್ಲಿ ಪ್ರಾಡಕ್ಟ್ ಮ್ಯಾನೇಜರ್. ವರ್ಕ್ ಫ್ರಮ್ ಹೋಮ್ ಕಾಲ. ಬೆಳ್ಳಂದೂರಿನ ಗಾಜಿನ ಕಟ್ಟಡದಲ್ಲಿ ನಡೆಯಬೇಕಿದ್ದ ಗದ್ದಲವೆಲ್ಲ ಕುಕ್ಕರಿನ ವಿಷಲ್‌ಗಳ ಮಧ್ಯೆ ನಡೆಯುತ್ತಿತ್ತು. ಸೆಪ್ಟೆಂಬರ್ 30ರ ರಾತ್ರಿಯವರೆಗೆ ಸಾಲುಗಟ್ಟಿ ಬರುತ್ತಿದ್ದ ಹೊಸ ಚಂದಾದಾರರು ಮಾರನೇ ದಿನದಿಂದ ಹೇಳದೆ ಕೇಳದೆ ನಾಪತ್ತೆ.

ಅವರ ಪ್ಲಾನ್ ವರ್ಷಕ್ಕೆ 5,999 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ಮೊದಲ ತಿಂಗಳು ಪುಕ್ಕಟೆ, ಆದರೆ ಕಾರ್ಡ್ ನಂಬರ್ ಇವತ್ತೇ ಕೊಡಬೇಕು. ಹೆಣ್ಣು ನೋಡುವ ಮೊದಲೇ ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಹಾಗೆ.

ತನಿಖೆ ಶುರುವಾಯಿತು. ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್ ಸುಮಾರು ಆರು ಗಂಟೆ ಕೈಕೊಟ್ಟವಲ್ಲ, ಅದೇ ಕಾರಣ ಅಂದರು ಮಾರ್ಕೆಟಿಂಗ್‌ನವರು. ನಾಲ್ಕನೇ ತಾರೀಕಿನ ಏಟಿಗೆ ಒಂದನೇ ತಾರೀಕೇ ನೋವು ಹೇಗೆ ಅಂತ ಯಾರೂ ಕೇಳಲಿಲ್ಲ. ಇನ್ನೊಬ್ಬರು ಪಿತೃಪಕ್ಷ ಅಂದರು. 6ರಂದು ಮಹಾಲಯ ಅಮಾವಾಸ್ಯೆ, ಯಾರು ಹೊಸ ವಸ್ತು ಕೊಳ್ಳುತ್ತಾರೆ? ಸೆಪ್ಟೆಂಬರಿನ ಕೊನೆಯ ದಿನಗಳೂ ಪಿತೃಪಕ್ಷವೇ ಆಗಿದ್ದವು, ಆಗ ಪಿತೃಗಳು ಆಫರ್ ಕೊಟ್ಟಿದ್ದರೋ ಏನೋ. 11ರಂದು ಶಾರ್ಜಾದಲ್ಲಿ ಆರ್‌ಸಿಬಿ ಎಲಿಮಿನೇಟರ್ ಸೋತಿತು. ತಗೊಳ್ಳಿ, ಅದಕ್ಕೊಂದು ಸ್ಲೈಡ್: ‘ಗ್ರಾಹಕರ ಮನೋಸ್ಥಿತಿ’.

ಡೇಟಾ ತಂಡ ಬಟನ್‌ನ ಬಣ್ಣ ಹಿಡಿದು ಕೂತಿತು. ನೀಲಿ ಬಟನ್ ಇತ್ತೀಚೆಗೆ ಹಸಿರಾಗಿತ್ತಂತೆ. ಅರ್ಧ ಜನಕ್ಕೆ ನೀಲಿ, ಅರ್ಧ ಜನಕ್ಕೆ ಹಸಿರು ತೋರಿಸಿ ಎರಡು ವಾರ ಪರೀಕ್ಷೆ ಮಾಡೋಣ ಅಂತ ತೀರ್ಮಾನವಾಯಿತು. ಆಯುಧಪೂಜೆಯ ದಿನ ಅಕ್ಕ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ ಹೂ ಏರಿಸಿದಳು. ಇಡೀ ತನಿಖೆಯಲ್ಲಿ ನಿಷ್ಠೆಯಿಂದ ನಡೆದ ಕೆಲಸ ಅದೊಂದೇ.

ಈ ಹೊತ್ತಿಗೆಲ್ಲ ಭಾವ ಪಕ್ಕದ ಈಸಿಚೇರಿನಲ್ಲೇ ಇದ್ದರು, ಪೇಪರ್ ಹಿಡಿದುಕೊಂಡು. ಬ್ಯಾಂಕಿನಿಂದ ರಿಟೈರ್ ಆದವರು. ಎರಡು ಸಲ “ಏನೋ, ರಿಸರ್ವ್ ಬ್ಯಾಂಕಿನವರು…” ಅಂತ ಬಾಯಿ ತೆರೆದರು. ಎರಡು ಸಲವೂ “ಅಪ್ಪಾ, ಮೀಟಿಂಗಲ್ಲಿದೀನಿ!” ಮನೆಯಲ್ಲಿ ಶಾಶ್ವತವಾಗಿ ಮ್ಯೂಟ್‌ನಲ್ಲಿದ್ದವರು ಅವರೊಬ್ಬರೇ.

ಮೂರನೇ ಸಲ ಅವರು ನನ್ನ ಕಡೆ ತಿರುಗಿದರು. ಕಾರ್ಡಿನಿಂದ ತಾನಾಗಿಯೇ ದುಡ್ಡು ಕಡಿತವಾಗುವುದಕ್ಕೆ ಒಂದನೇ ತಾರೀಕಿನಿಂದ ಹೊಸ ನಿಯಮ. ಮೊದಲ ಸಲ ಓಟಿಪಿ ಹಾಕಿ ಗ್ರಾಹಕ ಒಪ್ಪಬೇಕು. ಪ್ರತಿ ಕಡಿತಕ್ಕೆ 24 ಗಂಟೆ ಮುಂಚೆ ಅವನಿಗೆ ತಿಳಿಸಬೇಕು. 5,000 ರೂಪಾಯಿ (ಅದು 2021ರ ಮಿತಿ) ದಾಟಿದರೆ ಪ್ರತಿ ಸಲವೂ ಓಟಿಪಿ. ಎಷ್ಟೋ ಬ್ಯಾಂಕುಗಳು ಇದಕ್ಕೆ ಸಿದ್ಧವೇ ಆಗಿರಲಿಲ್ಲ, ಹಾಗಾಗಿ ಕಾರ್ಡು ತಿರಸ್ಕೃತ.

“ಇದ್ದಕ್ಕಿದ್ದಂತೆ ಮಾಡಿಬಿಟ್ಟರಾ ಭಾವ?” ಅಂದೆ.

“ಸುತ್ತೋಲೆ ಬಂದಿದ್ದು 2019ರ ಆಗಸ್ಟಿನಲ್ಲಿ ಕಣಯ್ಯ. ಈ ವರ್ಷ ಮಾರ್ಚ್ ಕೊನೆಗೆ ಗಡುವು ಇತ್ತು. ಇವರಂಥವರಿಗೇ ಅಂತ ಇನ್ನೂ ಆರು ತಿಂಗಳು ಕೊಟ್ಟರು.”

ಎರಡು ವರ್ಷ ಮೊದಲೇ ಹೇಳಿ ಬಂದ ನೆಂಟರನ್ನು ಕಳ್ಳರೆಂದು ಹುಡುಕುತ್ತಿದ್ದರು! ಡ್ಯಾಶ್‌ಬೋರ್ಡಿನಲ್ಲಿ ಸುತ್ತೋಲೆಗೆ ಕಾಲಂ ಇರಲಿಲ್ಲ, ಅಷ್ಟೇ. ಅಂದಹಾಗೆ, ಪುಕ್ಕಟೆ ತಿಂಗಳು ಮುಗಿದಿದ್ದನ್ನು ನಾವು ಮರೆಯುತ್ತೇವೆ ಎಂಬ ನಂಬಿಕೆಯ ಮೇಲೇ ನಿಂತಿದ್ದ ವ್ಯಾಪಾರ ಇದು. ಹಿಂದಿನ ದಿನ ಬ್ಯಾಂಕೇ ನೆನಪಿಸಿದರೆ ಹೊಟ್ಟೆ ಉರಿಯದೆ ಇನ್ನೇನು?

ಕೊನೆಗೆ ಅಕ್ಕನ ಮಗನಿಗೊಂದು ಕ್ರಾಂತಿಕಾರಿ ಯೋಚನೆ ಹೊಳೆಯಿತು: ತಮ್ಮ ಪ್ಲಾನನ್ನು ತಾನೇ ಕೊಂಡು ನೋಡುವುದು. ಹದಿನೆಂಟು ಜನರ ತಂಡದಲ್ಲಿ ಅಲ್ಲಿಯವರೆಗೆ ಯಾರೂ ಆ ಕೆಲಸ ಮಾಡಿರಲಿಲ್ಲ. ಅವನ ಕಾರ್ಡು ನಡೆಯಲಿಲ್ಲ. ಅಪ್ಪನ ಕಾರ್ಡು ತಂದು ನಂಬರ್ ಒತ್ತಿದ. ಈಸಿಚೇರಿನ ಪಕ್ಕ ಫೋನು ಟಿಣ್ ಅಂದಿತು.

“ಅಪ್ಪಾ, ಬೇಗ, ಓಟಿಪಿ ಹೇಳು!”

ಭಾವ ಕನ್ನಡಕ ಸರಿ ಮಾಡಿಕೊಂಡು ಮೆಸೇಜನ್ನು ಪೂರ್ತಿ ಓದಿದರು. “ಯಾರಿಗೂ ಹೇಳಬೇಡಿ ಅಂತ ಬರೆದಿದಾರೆ,” ಎಂದು ಫೋನನ್ನು ಜೇಬಿಗಿಳಿಸಿ ಪೇಪರ್ ಮಡಚಿ ಊಟಕ್ಕೆದ್ದರು.

ಆ ವಾರದ ವರದಿಯಲ್ಲಿ ಅವರೂ ಸೇರಿಹೋದರು: ಕೊನೇ ಹಂತದಲ್ಲಿ, ಕಾರಣ ತಿಳಿಸದೆ ಹಿಂತಿರುಗಿದ ಗ್ರಾಹಕ.