ಗದಗಿನ ಡಿಟಿಪಿ ಅಂಗಡ್ಯಾಗ ಲಿನಕ್ಸ್ ಹಾಕಬೇಕೋ ಬ್ಯಾಡೋ?

ಗದಗ-ಬೆಟಗೇರಿ ಅಂದ್ರ ಪ್ರಿಂಟಿಂಗ್ ಊರು. ಲಗ್ನಪತ್ರಿಕಿ, ಕ್ಯಾಲೆಂಡರ್, ಬಿಲ್ ಬುಕ್, ಜಾತ್ರಿ ಪೋಸ್ಟರ್ ಎಲ್ಲಾ ಇಲ್ಲೇ ಡಿಸೈನ್ ಆಗಿ ಇಲ್ಲೇ ಆಫ್‌ಸೆಟ್‌ಗೆ ಹೋಗ್ತಾವು. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ಮುಗೀತು. ಈಗ ಹಳೇ ಸಿಸ್ಟಮ್ ಇಟ್ಕೊಂಡ ಡಿಟಿಪಿಯವ್ರು (ಕಂಪ್ಯೂಟರ್‌ನ್ಯಾಗ ಪುಟ ಡಿಸೈನ್ ಮಾಡೋರು) ಏನ್ ಮಾಡಬೇಕು? ವಿಂಡೋಸ್ ಬದಲಿ ಪುಕ್ಕಟ ಸಿಗೋ ಲಿನಕ್ಸ್ ಹಾಕಬೇಕೋ ಬ್ಯಾಡೋ, ಇಬ್ರ ಮಾತು ಕೇಳ್ರಿ.

ಪರ: ಹಾಕ್ರಿ, ತಡಾ ಮಾಡಬ್ಯಾಡ್ರಿ

ಎಲ್ಲಾರೂ ರೊಕ್ಕದ ಲೆಕ್ಕ ಹಾಕ್ತಾರ, ನಾನು ಗಿರಾಕಿ ಲೆಕ್ಕ ಹಾಕ್ತೀನಿ. ಡಿಟಿಪಿ ಅಂಗಡ್ಯಾಗ ಬರೀ ಪತ್ರಿಕಿ ಡಿಸೈನ್ ನಡಿಯೂದಿಲ್ಲಲ್ರಿ, ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್, ಹೊಲದ ಉತಾರ, ಪಾಸ್‌ಬುಕ್, ಜನ ವಾಟ್ಸಾಪ್‌ಗೆ ಕಳಿಸ್ತಾರ, ಪ್ರಿಂಟ್ ತಗೊಂಡು ಹೋಗ್ತಾರ, ಫೈಲ್ ಮಾತ್ರ ಡೌನ್‌ಲೋಡ್ಸ್‌ನ್ಯಾಗ ವರ್ಷಗಟ್ಟಲೆ ಬಿದ್ದಿರ್ತಾವು. ಅದ ಸಿಸ್ಟಮ್‌ನ್ಯಾಗ ಲೈಸೆನ್ಸ್ ಇಲ್ದ ಕ್ರ್ಯಾಕ್ ಮಾಡಿದ ಕೋರಲ್ (ಡಿಸೈನ್ ಸಾಫ್ಟ್‌ವೇರ್) ಇದ್ರ, ಆ ಕ್ರ್ಯಾಕ್ ಓಡ್ಲಿ ಅಂತ ಆಂಟಿವೈರಸ್ ಬಂದ್ ಮಾಡಿಟ್ರ, ಅದರ ಜೋಡಿ ಒಳಗ ಏನ್ ಬಂದು ಕುಂತೈತಿ ಅಂತ ಹೇಳೋರ್ ಯಾರು? ಮ್ಯಾಲೆ ಈಗ ಸೆಕ್ಯುರಿಟಿ ಅಪ್‌ಡೇಟೂ ನಿಂತಾವು. ರೋಣದಿಂದ ಬಸ್ ಹತ್ತಿ ಬಂದ ಅಜ್ಜ ನಿಮ್ಮನ್ನ ನಂಬಿ ಕಾಗದ ಕೊಡ್ತಾನ, ಅದನ್ನ ಕಾಯೂದು ನಿಮ್ಮ ಕೆಲಸ.

ಮನೆ ಸಿಸ್ಟಮ್‌ಗಳಿಗೆ 2026ರ ಅಕ್ಟೋಬರ್ ತನಕ ಹೆಚ್ಚಿನ ಅಪ್‌ಡೇಟ್ ಕೊಡ್ತೀವಿ ಅಂತ ಮೈಕ್ರೋಸಾಫ್ಟ್‌ನವ್ರು ಅಂದ್ರು, ಅದಕ್ಕೂ ಅವರ ಅಕೌಂಟ್‌ನಿಂದ ಲಾಗಿನ್ ಆಗಬೇಕು. ವಿಂಡೋಸ್ 11 ಹಾಕೋಣು ಅಂದ್ರ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಭಾಗ ಬೇಕು, ಇಂಟೆಲ್ ಆದ್ರ ಹೆಚ್ಚುಕಮ್ಮಿ ಎಂಟನೇ ಜನರೇಶನ್ ಪ್ರೊಸೆಸರ್ ಬೇಕು. ಅಂದ್ರ ಚೊಲೋ ಓಡೋ ಐ3, ಐ5 ಸಿಸ್ಟಮ್ ಗುಜರಿಗೆ ಹಾಕ್ರಿ ಅಂದಂಗ ಆತು! ಅದ ಸಿಸ್ಟಮ್‌ಗೆ ನಾಲ್ಕು ಜಿಬಿ ರ‍್ಯಾಮ್ ಇದ್ರೂ ಸಾಕು, ಒಂದು ಎಸ್ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ (ಲಿನಕ್ಸ್‌ನ ಒಂದು ಬಗಿ) ಕೂಡಿಸ್ರಿ, ಒಂದೊಂದು ವರ್ಶನ್‌ಗೆ ಐದು ವರ್ಷ ಅಪ್‌ಡೇಟ್ ಬರ್ತಾವು, ಪುಕ್ಕಟ. ಗಿರಾಕಿ ಪೆನ್‌ಡ್ರೈವ್‌ನ್ಯಾಗ ಬರೋ ಶಾರ್ಟ್‌ಕಟ್ ವೈರಸ್ ಕಾಟನೂ ಇಲ್ಲ, ಅವು ವಿಂಡೋಸ್‌ಗೆ ಅಂತ ಬರದದ್ದು.

ಕನ್ನಡ ಟೈಪಿಂಗ್ ಬಗ್ಗೆ ಹೆದರಿಕಿ ಬ್ಯಾಡ. ಲಿನಕ್ಸ್‌ನ ಟೈಪಿಂಗ್ ಸಾಫ್ಟ್‌ವೇರ್ ಐಬಸ್‌ನ್ಯಾಗ ಕೆಜಿಪಿ ಕೀಬೋರ್ಡ್ ಲೇಔಟ್ ಐತಿ, ನುಡಿ ಸಾಫ್ಟ್‌ವೇರ್ ಮ್ಯಾಲೆ ಪಳಗಿದ ಕೈಗೆ ಅದು ಗುರುತಿಂದ. ಗುಬ್ಬಿ, ನವಿಲು ಫಾಂಟ್ ಸಿಗ್ತಾವು. 2024ರಾಗ ಬಂದ, ಪುಟ ಜೋಡಿಸೋ ಸಾಫ್ಟ್‌ವೇರ್ ಸ್ಕ್ರೈಬಸ್ 1.6ರಾಗ ಒತ್ತಕ್ಷರ ಸರಿಯಾಗಿ ಕೂಡ್ತಾವು, ಪ್ಲೇಟ್‌ಗೆ ಬೇಕಾದ ಸಿಎಂವೈಕೆ (ಪ್ರಿಂಟಿಂಗ್‌ನ ನಾಲ್ಕು ಬಣ್ಣದ) ಪಿಡಿಎಫ್ ಬರ್ತೈತಿ. ಕೇರಳದ ಸರ್ಕಾರಿ ಸಾಲಿ ಹುಡುಗ್ರು ಎಷ್ಟೋ ವರ್ಷದಿಂದ ಲಿನಕ್ಸ್ ಮ್ಯಾಲೇ ಕಲ್ಯಾಕತ್ತಾರ, ನಮ್ಮ ಡಿಸೈನರ್‌ಗೆ ಬರೂದಿಲ್ಲ ಅನ್ನೂದು ಸುಳ್ಳ ಹೆದರಿಕಿ.

ವಿರೋಧ: ಡಿಸೈನ್ ಸಿಸ್ಟಮ್‌ಗೆ ಈಗ ಬ್ಯಾಡ

ಮ್ಯಾಲಿನ ಮಾತು ಹೊಸಾ ಅಂಗಡಿಗೆ ಖರೆ. ಆದ್ರ ಹಳೇ ಅಂಗಡಿ ಆಸ್ತಿ ಅಂದ್ರ ಹಾರ್ಡ್‌ಡಿಸ್ಕ್‌ನ್ಯಾಗಿನ ಹಳೇ ಫೈಲು. "ಹೋದ ವರ್ಷ ಅಕ್ಕನ ಲಗ್ನಕ್ಕ ಮಾಡಿದ್ರಲ್ಲ, ಅದ ಪತ್ರಿಕಿ, ಹೆಸರು ತಾರೀಕು ಅಷ್ಟ ಬದಲ್ ಮಾಡಿ ಕೊಡ್ರಿ ಅಣ್ಣಾರ" ಅಂತ ಗಿರಾಕಿ ಬರ್ತಾನ, ಮುಹೂರ್ತ ಇರೋ ತಿಂಗಳದಾಗ ಸಂಜೀಕ ಕೈಯಾಗ ಪತ್ರಿಕಿ ಬೇಕು ಅವಗ. ಆ ಫೈಲ್ ಕೋರಲ್‌ನ ಸಿಡಿಆರ್ ಇರ್ತೈತಿ, ಇಲ್ಲಾ ಪುಟ ಜೋಡಿಸೋ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ದು. ಪೇಜ್‌ಮೇಕರ್‌ನ ಕಡೀ ವರ್ಶನ್ 7.0 ಬಂದದ್ದ 2001ರಾಗ, ಅದಕ್ಕ ಯುನಿಕೋಡ್ (ಎಲ್ಲಾ ಭಾಷೆಗೂ ಒಂದ ನಮೂನಿ ಅಕ್ಷರ ಕೋಡ್) ಗೊತ್ತ ಇಲ್ಲ, ಹಿಂಗಾಗಿ ಹಳೇ ಕನ್ನಡ ಡಿಟಿಪಿ ಹೆಚ್ಚಾಗಿ ನುಡಿ, ಶ್ರೀಲಿಪಿಯಂಥ ಹಳೇ ಎನ್‌ಕೋಡಿಂಗ್ ಫಾಂಟ್ ಮ್ಯಾಲೆ ನಿಂತತಿ. ಆ ಫೈಲ್‌ನ್ಯಾಗ ಖರೆ ಅಂದ್ರ ಕನ್ನಡ ಅಕ್ಷರಾನ ಇಲ್ಲ, ಇಂಗ್ಲಿಷ್ ಅಕ್ಷರದ ಕೋಡ್‌ಗೆ ಕನ್ನಡದ ಚಿತ್ರ ಕೂಡಿಸ್ಯಾರ, ಫಾಂಟ್ ತಪ್ಪಿದ್ರ ಬರೀ ಚಿತ್ತಾರ.

ಹಳೇ ಫಾಂಟ್‌ನ ಬರಹ ಯುನಿಕೋಡ್‌ಗೆ ತಿರುಗಿಸೋ ಕನ್ವರ್ಟರ್ ಅದಾವಲ್ಲ ಅಂತೀರಿ. ಅದಾವು, ಓಪನ್ ಸೋರ್ಸೂ ಅದಾವು, ಬರೀ ಗದ್ಯಕ್ಕ ಛಲೋ ಕೆಲಸ ಮಾಡ್ತಾವು. ಆದ್ರ ಅರ್ಕಾವತ್ತು ಬಂದಲ್ಲಿ ಒಂದೊಂದ್ಸಲ ಜಾಗಾ ತಪ್ತೈತಿ, ಒಬ್ರು ಕುಂತು ಓದಿ ತಿದ್ದಬೇಕು, ಪತ್ರಿಕ್ಯಾಗ ಹಿರಿಯರ ಹೆಸರು ಒಂದಕ್ಷರ ತಪ್ಪಿದ್ರೂ ಅದು ಮನೆತನದ ಮಾತಾಗ್ತೈತಿ. ಮತ್ತ ಕನ್ವರ್ಟರ್ ಅಕ್ಷರ ಅಷ್ಟ ಬದಲ್ ಮಾಡ್ತೈತಿ, ಬಾರ್ಡರ್, ಗಣಪತಿ, ಸಾಲಿನ ಜೋಡಣಿ ಅಲ್ಲ. ಲಿನಕ್ಸ್‌ನ್ಯಾಗ ಓಡೋ ಡಿಸೈನ್ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಸಿಡಿಆರ್ ತಗೀತೈತಿ, ತಗದ ಮ್ಯಾಲೆ ಹಂಗ ಇರ್ತೈತಿ ಅನ್ನೂ ಭರೋಸಾ ಇಲ್ಲ, ತಿದ್ದಿ ಪ್ರೆಸ್‌ನವ್ರಿಗೆ ಸಿಡಿಆರ್‌ನ್ಯಾಗ ವಾಪಸ್ ಕೊಡಾಕ ಬರೂದಿಲ್ಲ.

ಪ್ರಿಂಟರ್ ನೋಡ್ರಿ. ಎಚ್‌ಪಿ ಆದ್ರ ಲಿನಕ್ಸ್‌ನ್ಯಾಗ ಆರಾಮ, ಆದ್ರ ನಮ್ಮ ಕಡೆ ಝೆರಾಕ್ಸ್ ಅಂಗಡ್ಯಾಗ ಭಾಳ ಕಾಣೋ ಕ್ಯಾನನ್ ಎಲ್‌ಬಿಪಿ 2900ಕ್ಕ ಅದರದ ಬ್ಯಾರೆ ಡ್ರೈವರ್ ಬೇಕು, ಲಿನಕ್ಸ್‌ನ್ಯಾಗ ಅದನ್ನ ಕೂಡಿಸೂದು ಬಲ್ಲವರ ಕೆಲಸ. ಲೆಕ್ಕ ಇಡೋ ಟ್ಯಾಲಿನೂ ವಿಂಡೋಸ್‌ನ ಮ್ಯಾಲೇ ಓಡೂದು.

ಇನ್ನ ಗಿರಾಕಿ ಗುಟ್ಟು. ಅದರ ಬಗ್ಗೆ ನನಗೂ ಅಷ್ಟ ಕಾಳಜಿ ಐತಿ, ಆದ್ರ ಲಿನಕ್ಸ್ ಹಾಕಿದಾಕ್ಷಣ ಡೌನ್‌ಲೋಡ್ಸ್ ಫೋಲ್ಡರ್ ತಾನ ಖಾಲಿ ಆಗ್ತೈತೇನು? ಅದಕ್ಕ ಬೇಕಾದ್ದು ಚಟ: ದಿನಾ ಅಂಗಡಿ ಮುಚ್ಚೂವಾಗ ಫೈಲ್ ಅಳಸೂದು, ಟ್ರ್ಯಾಶ್‌ನೂ ಖಾಲಿ ಮಾಡೂದು, ವಾಟ್ಸಾಪ್ ವೆಬ್ ಲಾಗೌಟ್ ಮಾಡೂದು, ನಡೀತೈತಿ ಅಂದಲ್ಲಿ ಕಡೀ ನಾಲ್ಕ ಅಂಕಿ ಅಷ್ಟ ಕಾಣೋ ಮಾಸ್ಕ್ಡ್ ಆಧಾರ್ ತರಾಕ ಗಿರಾಕಿಗೆ ಹೇಳೂದು.

ಅಂಗಡಿ ಮುಂದಿನ, ಗಿರಾಕಿ ಕಾಗದ ತಗೋಳೋ ಸಿಸ್ಟಮ್‌ಗೆ ಮಿಂಟ್ ಹಾಕ್ರಿ, ಅದಕ್ಕ ನನ್ನ ತಕರಾರಿಲ್ಲ. ಒಳಗಿನ ಡಿಸೈನ್ ಸಿಸ್ಟಮ್ ಇಂಟರ್ನೆಟ್ ವಾಯರ್ ಕಿತ್ತು ಹಂಗ ಇಡ್ರಿ, ಲೈಸೆನ್ಸ್ ಇರೋ ಸಾಫ್ಟ್‌ವೇರ್ ತಗೋರಿ, ಹೊಸಾ ಕೆಲಸಾ ಎಲ್ಲಾ ಇವತ್ತಿಂದ ಯುನಿಕೋಡ್‌ನ್ಯಾಗ ಮಾಡ್ರಿ. ಹಳೇ ನುಡಿ ಫೈಲ್ ಕೇಳಿಕೊಂಡ ಬರೋ ಗಿರಾಕಿ ಕಮ್ಮಿ ಆದ ಮ್ಯಾಲೆ ಆ ಸಿಸ್ಟಮ್‌ಗೂ ಲಿನಕ್ಸ್ ಹಾಕಾಕ ಅಡ್ಡಿ ಏನಿಲ್ಲ.